ಮಾರಾಟವಾದ ಮನೆಗಳು, ಒಕ್ಕಲಾಗದ ಊರು

ಪ್ರಶ್ನೆ: ಚೀನಾ, ಅಂಗೋಲಾ, ಮಲೇಷ್ಯಾ ಮುಂತಾದ ಕಡೆ ಲಕ್ಷಾಂತರ ಜನರಿಗೆಂದು ಕಟ್ಟಿದ ಹೊಸ ನಗರಗಳು ಖಾಲಿ ಬಿದ್ದಿರುವ ಚಿತ್ರಗಳನ್ನು ಆಗಾಗ ನೋಡುತ್ತೇನೆ. ಅಗಲವಾದ ರಸ್ತೆ, ಸಾಲುಸಾಲು ಬಹುಮಹಡಿ ಕಟ್ಟಡ, ಆದರೆ ಒಂದು ನರಪಿಳ್ಳೆಯೂ ಇಲ್ಲ. ಇಷ್ಟು ಹಣ ಸುರಿಯುವವರಿಗೆ ಜನ ಬರುವುದಿಲ್ಲ ಎಂದು ಮೊದಲೇ ಗೊತ್ತಾಗುವುದಿಲ್ಲವೇ? ಕೆಲವು ಕಡೆ ಮನೆಗಳೆಲ್ಲ ಮಾರಾಟವಾಗಿವೆ ಎನ್ನುತ್ತಾರೆ. ಮಾರಾಟವಾದ ಮೇಲೂ ಖಾಲಿ ಇರುವುದು ಹೇಗೆ? ಈ ಊರುಗಳು ಮುಂದೆಂದಾದರೂ ತುಂಬುತ್ತವೆಯೇ? ಅಂಥ ಕಡೆ ಅಗ್ಗಕ್ಕೆ ಮನೆ ಸಿಕ್ಕರೆ ಕೊಳ್ಳಬಹುದೇ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಮಿಕ್ಕ ಮೂರಕ್ಕೂ ಬೀಗದ ಕೈ ಅದರಲ್ಲೇ ಇದೆ.

ಮನೆ ಮಾರಾಟವಾಗುವುದು ಒಂದು ವ್ಯವಹಾರ. ಮನೆಗೆ ಜನ ಒಕ್ಕಲಾಗುವುದು ಬೇರೆಯದೇ ಸಂಗತಿ. ಮೊದಲನೆಯದಕ್ಕೆ ಕೊಳ್ಳುವವರ ಸಹಿ, ಬ್ಯಾಂಕಿನ ಸಾಲ ಇದ್ದರೆ ಸಾಕು. ಎರಡನೆಯದಕ್ಕೆ ಹತ್ತಿರದಲ್ಲಿ ಕೆಲಸ ಇರಬೇಕು, ಮಕ್ಕಳಿಗೆ ಶಾಲೆ ಇರಬೇಕು, ನಡುರಾತ್ರಿ ಜ್ವರ ಏರಿದರೆ ಓಡಲು ಆಸ್ಪತ್ರೆ ಇರಬೇಕು, ಹೋಗಿಬರಲು ಬಸ್ಸಿರಬೇಕು. ನೀವು ನೋಡಿದ ನಗರಗಳಲ್ಲಿ ಬಹುಪಾಲು ಮೊದಲನೆಯದು ಮುಗಿದು ಎರಡನೆಯದು ನಡೆಯದೆ ನಿಂತಂಥವು. ಹಾಗೆ ನಿಂತಾಗಲೂ ಕಟ್ಟಿದವರ ಕೈಗೆ ಹಣ ಬಂದಾಗಿರುತ್ತದೆ. ನೀರು ಸರಬರಾಜು ಮತ್ತು ಒಳಚರಂಡಿ ಯೋಜನೆಗಳಲ್ಲಿ ಹಲವು ವರ್ಷ ಕಳೆದ ನಾನು ಕಂಡುಕೊಂಡದ್ದು ಇಷ್ಟು: ಜನ ಬಂದು ಬದುಕುವುದಕ್ಕೂ ಕಟ್ಟುವವರಿಗೆ ಹಣ ಸಿಗುವುದಕ್ಕೂ ಇರುವ ನಂಟು ಎಲ್ಲಿ ಕಡಿದುಹೋಗುತ್ತದೋ ಅಲ್ಲಿ ಖಾಲಿ ಊರು ಏಳುತ್ತದೆ. ದಡ್ಡತನದಿಂದ ಕಟ್ಟಿದರು ಎಂದುಕೊಂಡರೆ ಏನೂ ಅರ್ಥವಾಗುವುದಿಲ್ಲ. ಅವರವರ ಲೆಕ್ಕ ಅವರವರಿಗೆ ಸರಿಯಾಗಿಯೇ ಇತ್ತು.

ಚೀನಾವನ್ನೇ ತೆಗೆದುಕೊಳ್ಳಿ. ಅಲ್ಲಿ ನಗರದ ನೆಲವೆಲ್ಲ ಸರ್ಕಾರದ್ದು, ಹಳ್ಳಿಯ ನೆಲ ಅಲ್ಲಿನ ರೈತರ ಸಾಮೂಹಿಕ ಒಡೆತನದ್ದು. ಹಳ್ಳಿಯ ನೆಲವನ್ನು ವಶಪಡಿಸಿಕೊಂಡು ನಗರದ ನೆಲವಾಗಿ ಪರಿವರ್ತಿಸಿ, ಅದರ ಮೇಲೆ ಮನೆ ಕಟ್ಟುವ ಹಕ್ಕನ್ನು 70 ವರ್ಷದ ಅವಧಿಗೆ ಮಾರುವವರು ಸ್ಥಳೀಯ ಸರ್ಕಾರದವರು. 1994ರ ತೆರಿಗೆ ಸುಧಾರಣೆಯಲ್ಲಿ ತೆರಿಗೆಯ ದೊಡ್ಡ ಪಾಲು ಕೇಂದ್ರಕ್ಕೆ ಹೋಯಿತು. ಶಾಲೆ, ಆಸ್ಪತ್ರೆ, ರಸ್ತೆಗಳ ಖರ್ಚು ಮಾತ್ರ ಸ್ಥಳೀಯ ಸರ್ಕಾರಗಳ ತಲೆಯ ಮೇಲೇ ಉಳಿಯಿತು. ಅವರ ಕೈಯಲ್ಲಿ ಉಳಿದ ದೊಡ್ಡ ಆಸ್ತಿ ಎಂದರೆ ನೆಲ. ರೈತರಿಗೆ ಬೆಳೆಯ ಹುಟ್ಟುವಳಿಯ ಲೆಕ್ಕದಲ್ಲಿ ಪರಿಹಾರ ಕೊಡುತ್ತಿದ್ದರು, ಬಿಲ್ಡರ್‌ಗೆ ಹರಾಜಿನ ದರದಲ್ಲಿ ಮಾರುತ್ತಿದ್ದರು. ನಡುವಿನ ಅಂತರವೇ ಊರಿನ ಆದಾಯವಾಗಿತ್ತು. ಹೊಸ ನಗರದ ನಕ್ಷೆ ದೊಡ್ಡದಾದಷ್ಟೂ ಮಾರಲು ನೆಲ ಹೆಚ್ಚು.

ಬಿಲ್ಡರ್‌ನ ಲೆಕ್ಕವೂ ಹಾಗೆಯೇ. ಕಟ್ಟಡ ಮುಗಿಯುವ ಎಷ್ಟೋ ಮೊದಲೇ ಫ್ಲ್ಯಾಟುಗಳನ್ನು ಮಾರಬಹುದು. ಕೊಂಡವರ ಮುಂಗಡ ಹಣ, ಅವರ ಗೃಹಸಾಲದ ಹಣ ಎರಡನ್ನೂ ಹಾಕಿ ಮುಂದಿನ ನೆಲ ಕೊಳ್ಳುತ್ತಾನೆ. ಇನ್ನು ಕೊಳ್ಳುವ ಕುಟುಂಬ. ಬ್ಯಾಂಕಿನ ಠೇವಣಿಗೆ ಬಡ್ಡಿ ಕಡಿಮೆ, ಷೇರುಪೇಟೆಯ ಮೇಲೆ ಭರವಸೆ ಇಲ್ಲ, ಹಣವನ್ನು ಹೊರದೇಶಕ್ಕೆ ಒಯ್ಯಲು ಮಿತಿ ಇದೆ, ಮನೆ ಇಟ್ಟುಕೊಂಡರೆ ವರ್ಷವರ್ಷವೂ ಕಟ್ಟಬೇಕಾದ ಆಸ್ತಿ ತೆರಿಗೆ ಬಹುತೇಕ ಊರುಗಳಲ್ಲಿ ಇಲ್ಲ. ಮನೆಯ ಬೆಲೆಯೋ ಎರಡು ದಶಕ ಏರುತ್ತಲೇ ಇತ್ತು. ಉಳಿತಾಯವನ್ನು ಎರಡನೇ ಫ್ಲ್ಯಾಟಿಗೆ, ಮೂರನೇ ಫ್ಲ್ಯಾಟಿಗೆ ಹಾಕದೆ ಇನ್ನೇನು ಮಾಡಬೇಕಿತ್ತು?

ಆ ಫ್ಲ್ಯಾಟ್ ಒಳಗಿನಿಂದ ಹೇಗಿರುತ್ತದೆ ಎಂಬುದನ್ನು ತಿಳಿದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಬಾಗಿಲು ತೆರೆದರೆ ಬರಿಯ ಸಿಮೆಂಟಿನ ನೆಲ, ಗಿಲಾವು ಮಾತ್ರ ಆದ ಗೋಡೆ, ಗೋಡೆಯಿಂದ ಹೊರಗೆ ಇಣುಕುವ ವೈರು, ಬಿರಡೆ ಹಾಕಿ ಮುಚ್ಚಿದ ನೀರಿನ ಪೈಪು. ಟೈಲ್ಸು, ಬಣ್ಣ, ಅಡುಗೆಕಟ್ಟೆ, ಬಚ್ಚಲಿನ ನಲ್ಲಿ ಎಲ್ಲವನ್ನೂ ಕೊಂಡವರೇ ಮಾಡಿಸಿಕೊಳ್ಳಬೇಕು. ಅಷ್ಟೆಲ್ಲ ಖರ್ಚು ಮಾಡಿ ಬಾಡಿಗೆಗೆ ಕೊಟ್ಟರೆ ಕೈಗೆ ಬರುವುದು ಪುಡಿಗಾಸು. ಮೇಲಾಗಿ ಯಾರಾದರೂ ಇದ್ದು ಹೋದ ಮನೆ ‘ಹಳೆಯದು’ ಆಗಿಬಿಡುತ್ತದೆ, ಮರುಮಾರಾಟದಲ್ಲಿ ಬೆಲೆ ಇಳಿಯುತ್ತದೆ. ಬೆಲೆ ಏರುತ್ತಿದ್ದಷ್ಟು ಕಾಲ ಬೀಗ ಹಾಕಿ ಇಡುವುದೇ ಲಾಭವಾಗಿತ್ತು. ಆ ಮನೆ ಮನೆಯೇ ಅಲ್ಲ, ಸಿಮೆಂಟಿನಲ್ಲಿ ಮಾಡಿದ ಠೇವಣಿ ಪತ್ರ. ಚೆಂಗ್ಡುವಿನ ನೈಋತ್ಯ ಹಣಕಾಸು ಮತ್ತು ಅರ್ಥಶಾಸ್ತ್ರ ವಿಶ್ವವಿದ್ಯಾಲಯದವರು ನಡೆಸಿದ ಕುಟುಂಬಗಳ ಸಮೀಕ್ಷೆಯ ಪ್ರಕಾರ 2017ರಲ್ಲಿ ಚೀನಾದ ನಗರಗಳ ಮನೆಗಳಲ್ಲಿ ಶೇ 21.4ರಷ್ಟು ಖಾಲಿ ಇದ್ದವು, ಅಂದರೆ ಸುಮಾರು ಆರೂವರೆ ಕೋಟಿ ಮನೆ. ಇವೆಲ್ಲ ಬಿಕೋ ಎನ್ನುವ ನಗರಗಳಲ್ಲೇ ಇದ್ದವು ಎಂದುಕೊಳ್ಳಬೇಡಿ. ಜನ ತುಂಬಿ ತುಳುಕುವ ಊರುಗಳ ನಡುವೆಯೂ ಹೀಗೆ ಬೀಗ ಬಿದ್ದ ಮನೆಗಳಿದ್ದವು. ಹೊಸ ನಗರದಲ್ಲಿ ಬೀಗ ಹಾಕಿದ ಮನೆಗಳೇ ಇರುವುದರಿಂದ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ, ಅಷ್ಟೆ.

ಈಗ ನಿಮ್ಮ ಮೊದಲ ಪ್ರಶ್ನೆ. ಮೊದಲೇ ಗೊತ್ತಾಗುವುದಿಲ್ಲವೇ? ಒಂದೊಂದು ಊರಿನ ಕಡತವನ್ನಷ್ಟೇ ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ಕೂಡಿದರೆ ಗೊತ್ತಾಗುತ್ತದೆ. 2016ರಲ್ಲಿ ಚೀನಾದಲ್ಲಿ ಹಾಗೆ ಕೂಡಿ ನೋಡಿದರು: ಸಣ್ಣ ಮತ್ತು ಮಧ್ಯಮ ಊರುಗಳು ಯೋಜಿಸಿದ್ದ 3,500ಕ್ಕೂ ಹೆಚ್ಚು ಹೊಸ ಪ್ರದೇಶಗಳಲ್ಲಿ 2030ರ ಹೊತ್ತಿಗೆ 340 ಕೋಟಿ ಜನರಿಗೆ ಜಾಗ ಇರುತ್ತಿತ್ತು. ಇಡೀ ದೇಶದ ಜನಸಂಖ್ಯೆಯೇ 140 ಕೋಟಿ. ಪ್ರತಿ ಊರೂ ಪಕ್ಕದ ಊರಿನ ಜನ ತನ್ನಲ್ಲಿಗೇ ಬರುತ್ತಾರೆ ಎಂದು ಬರೆದುಕೊಂಡಿತ್ತು. ಯೋಜನಾ ವರದಿಗಳನ್ನು ಓದುವವರಿಗೆ ಇದು ಹೊಸದಲ್ಲ. ಜನಸಂಖ್ಯೆಯ ಅಂದಾಜು ಹಾಕಿ ಅದಕ್ಕೆ ತಕ್ಕಂತೆ ನಗರದ ಗಾತ್ರ ಗೊತ್ತುಮಾಡುವುದು ಸರಿಯಾದ ಕ್ರಮ. ಎಷ್ಟೋ ಸಲ ನಡೆಯುವುದು ಇದರ ತಿರುವುಮುರುವು. ನಗರದ ಗಾತ್ರ ಮೊದಲು ಗೊತ್ತಾಗಿರುತ್ತದೆ, ಆ ಗಾತ್ರಕ್ಕೆ ಹೊಂದುವಂತೆ ಜನಸಂಖ್ಯೆಯನ್ನು ಆಮೇಲೆ ಬರೆಯುತ್ತಾರೆ. ನೀರಿನ ಬೇಡಿಕೆಯ ಲೆಕ್ಕ ಹಾಕುವವರ ಮೇಜಿಗೆ ಆ ಸಂಖ್ಯೆ ಸತ್ಯದ ರೂಪದಲ್ಲಿ ಬರುತ್ತದೆ. ಯಾರೂ ಅದನ್ನು ಮತ್ತೆ ಪ್ರಶ್ನಿಸುವುದಿಲ್ಲ. ನಾನೂ ಅಂಥ ಮೇಜಿನಲ್ಲಿ ಕೂತವನು, ಹಾಗಾಗಿ ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದರು ಎನ್ನುತ್ತೇವೆ. ಕುಲಾವಿ ಹೊಲಿಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ರಸ್ತೆ, ನೀರು, ಚರಂಡಿ ಇಲ್ಲದೆ ಮೊದಲು ಜನ ನುಗ್ಗಿ ಆಮೇಲೆ ಒದ್ದಾಡುವ ಊರುಗಳ ಪಾಡನ್ನು ಕಂಡವರಿಗೆ, ಮುಂಚೆಯೇ ಕಟ್ಟುವುದರ ಬೆಲೆ ಗೊತ್ತು. ಪ್ರಶ್ನೆ ಇರುವುದು ಎಷ್ಟು ಮುಂಚೆ, ಯಾರ ಅಳತೆಗೆ ಎಂಬುದರಲ್ಲಿ.

ಅಳತೆಯ ಮಾತಿಗೆ ಅಂಗೋಲಾದ ಕಿಲಂಬಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಪ್ಪತ್ತೇಳು ವರ್ಷದ ಅಂತರ್ಯುದ್ಧ 2002ರಲ್ಲಿ ಮುಗಿದಾಗ, ಜೀವ ಉಳಿಸಿಕೊಳ್ಳಲು ರಾಜಧಾನಿ ಲುವಾಂಡಾಕ್ಕೆ ಓಡಿಬಂದ ಲಕ್ಷಗಟ್ಟಲೆ ಜನ ಅಲ್ಲಿನ ‘ಮುಸೆಕ್’ಗಳಲ್ಲಿ, ಅಂದರೆ ತಗಡು ಮತ್ತು ಸಿಮೆಂಟು ಇಟ್ಟಿಗೆಯ ಒತ್ತೊತ್ತಾದ ವಸತಿಗಳಲ್ಲಿ ತುಂಬಿಕೊಂಡಿದ್ದರು. ಸರ್ಕಾರ 2008ರಲ್ಲಿ ಹತ್ತು ಲಕ್ಷ ಮನೆಗಳ ಭರವಸೆ ಕೊಟ್ಟಿತು. ಲುವಾಂಡಾದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಚೀನಾದ ಸರ್ಕಾರಿ ಕಂಪನಿ ಸಿಟಿಕ್ ಹೊಸ ನಗರ ಕಟ್ಟಿತು. ಖರ್ಚು ಸುಮಾರು 350 ಕೋಟಿ ಡಾಲರ್, ತೀರಿಸುವುದು ಅಂಗೋಲಾದ ತೈಲದ ಬಲದ ಮೇಲೆ. ಕಟ್ಟಿದ ಕಂಪನಿಗೆ ಹಣ ಬರುವುದು ತೈಲದಿಂದ, ನಿವಾಸಿಗಳಿಂದ ಅಲ್ಲ. ನಂಟು ಅಲ್ಲೇ ಕಡಿಯಿತು.

2011ರ ಜುಲೈನಲ್ಲಿ ಉದ್ಘಾಟನೆ ಆಯಿತು. ತಿಳಿ ಬಣ್ಣಗಳ ಕಟ್ಟಡಗಳು, ಶಾಲೆಗಳು, ಅಂಗಡಿ ಮಳಿಗೆಗಳು ಎಲ್ಲ ಸಿದ್ಧ. ಒಂದು ವರ್ಷ ಕಳೆದ ಮೇಲೆ ಬಿಬಿಸಿಯವರು ಹೋಗಿ ನೋಡಿದಾಗ ಮಾರಾಟಕ್ಕಿಟ್ಟ ಮೊದಲ 2,800 ಫ್ಲ್ಯಾಟುಗಳಲ್ಲಿ ಮಾರಾಟವಾಗಿದ್ದು 220. ಫ್ಲ್ಯಾಟಿನ ಬೆಲೆ 1,20,000 ಡಾಲರ್‌ನಿಂದ 2,00,000 ಡಾಲರ್. ಮುಸೆಕ್‌ನಲ್ಲಿ ದಿನಗೂಲಿಯಲ್ಲಿ ಬದುಕುವವರಿರಲಿ, ಶಾಲಾ ಶಿಕ್ಷಕರಿಗೂ ಅದು ಕನಸಿನ ಮಾತು. ಇದ್ದದ್ದರಲ್ಲಿ ಕೊಳ್ಳಬಲ್ಲವರಿಗೂ ಬ್ಯಾಂಕಿನಿಂದ ಗೃಹಸಾಲ ಸಿಗುವ ಪದ್ಧತಿಯೇ ಅಲ್ಲಿ ಬೆಳೆದಿರಲಿಲ್ಲ. ಒಂದು ಕಡೆ ಸೂರಿಗಾಗಿ ಹಾತೊರೆಯುವ ಲಕ್ಷಾಂತರ ಜನ, 30 ಕಿಲೋಮೀಟರ್ ಆಚೆ ಸಾವಿರಾರು ಖಾಲಿ ಮನೆ. ಖಾಲಿ ನಗರ ಎಂದ ಕೂಡಲೇ ‘ಮನೆ ಬೇಕಾದವರೇ ಇಲ್ಲ’ ಎಂದು ತಿಳಿಯುವವರು ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮುಂದಿನದು ಇನ್ನೂ ಮುಖ್ಯ. 2013ರ ಆರಂಭದಲ್ಲಿ ಸರ್ಕಾರ ಬೆಲೆ ಇಳಿಸಿತು. 1,25,000 ಡಾಲರ್‌ನ ಫ್ಲ್ಯಾಟು 70,000ಕ್ಕೆ ಬಂತು. ಶೇ 3ರ ಬಡ್ಡಿಗೆ 30 ವರ್ಷದ ಕಂತು ಮಾಡಿಕೊಟ್ಟಿತು. ಜನ ರಾತ್ರಿಯಿಡೀ ಸರದಿಯಲ್ಲಿ ನಿಂತರು. ಆ ವರ್ಷ ಮುಗಿಯುವುದರೊಳಗೆ ಮನೆಗಳೆಲ್ಲ ಹೋದವು. ಗೋಡೆ ಅದೇ, ರಸ್ತೆ ಅದೇ, ದೂರವೂ ಅದೇ. ಬದಲಾಗಿದ್ದು ಬೆಲೆ ಮತ್ತು ಸಾಲದ ದಾರಿ. ಮುಸೆಕ್‌ನ ಕಡುಬಡವರಿಗೆ ಆಗಲೂ ಅದು ಎಟುಕಲಿಲ್ಲ, ಬಂದವರು ಸರ್ಕಾರಿ ನೌಕರರು, ಸಂಬಳದಾರರು ಎಂಬುದನ್ನು ಮರೆಮಾಚಬಾರದು. ಆದರೂ ಜಗತ್ತು ‘ಭೂತನಗರ’ ಎಂದು ಬರೆದು ಮುಗಿಸಿದ್ದ ಊರು ತುಂಬಿತು. ಖಾಲಿ ಇದ್ದಾಗ ಬಂದ ಕ್ಯಾಮೆರಾಗಳು ತುಂಬಿದ ಮೇಲೆ ಅಷ್ಟಾಗಿ ಬರಲಿಲ್ಲ.

ಚೀನಾದ ಒಳ ಮಂಗೋಲಿಯಾ ಪ್ರಾಂತದ ಒರ್ಡೋಸ್ ನಗರದ ಹೊಸ ಭಾಗ ಕಾಂಗ್‌ಬಾಶಿಗೂ ಹೀಗೇ ಆಯಿತು. ನೀವು ನೋಡಿದ ಚಿತ್ರಗಳಲ್ಲಿ ಅದು ಖಂಡಿತ ಇರುತ್ತದೆ: ಮರುಭೂಮಿಯ ಅಂಚಿನಲ್ಲಿ ವಿಶಾಲ ಚೌಕ, ಚೆಂಗಿಸ್ ಖಾನನ ಕಾಲವನ್ನು ನೆನಪಿಸುವ ಭಾರಿ ಪ್ರತಿಮೆಗಳು, ದಿಬ್ಬದಂತೆ ಉಬ್ಬಿ ಹೊಳೆಯುವ ವಸ್ತುಸಂಗ್ರಹಾಲಯ. ಹಳೆಯ ಊರು ಡಾಂಗ್‌ಶೆಂಗ್‌ನಲ್ಲಿ ನೀರಿನ ಕೊರತೆ ಇತ್ತು. 25 ಕಿಲೋಮೀಟರ್ ಆಚೆ ನದಿಯ ಪಕ್ಕದ ಜಾಗವನ್ನು ಆರಿಸಿದ್ದರ ಹಿಂದೆ ಆ ಕಾರಣವೂ ಇತ್ತು; ನನ್ನ ಕಣ್ಣಿಗೆ ಅದು ಸರಿಯಾದ ಆಯ್ಕೆಯೇ. ಕಲ್ಲಿದ್ದಲಿನ ಹಣ ಹರಿಯುತ್ತಿದ್ದ ಕಾಲ. ಹತ್ತು ಲಕ್ಷ ಜನರ ನಗರ ಎಂದು ಹೊರಟರು, 2006ರಲ್ಲಿ ಆಡಳಿತ ಕಚೇರಿಯನ್ನು ಅಲ್ಲಿಗೆ ಒಯ್ದರು. 2009ರ ಹೊತ್ತಿಗೆ ಟಿವಿಯವರು ಬಂದಾಗ ರಸ್ತೆ ಗುಡಿಸುವವರನ್ನು ಬಿಟ್ಟರೆ ಹೆಚ್ಚು ಜನ ಕಾಣಲಿಲ್ಲ. 2011ರಿಂದಾಚೆಗೆ ಕಲ್ಲಿದ್ದಲಿನ ಬೆಲೆ ಬಿತ್ತು, ಅದರೊಂದಿಗೆ ಜನ ಪರಸ್ಪರ ಕೈಸಾಲ ಕೊಟ್ಟು ಕಟ್ಟಿಕೊಂಡಿದ್ದ ವ್ಯವಹಾರವೂ ಕುಸಿಯಿತು.

ಅಲ್ಲಿನ ಆಡಳಿತ ಆಮೇಲೆ ಮಾಡಿದ್ದು ಸರಳ ಕೆಲಸ. ಗುರಿಯನ್ನು 3 ಲಕ್ಷಕ್ಕೆ ಇಳಿಸಿತು. ಆ ಭಾಗದ ಅತ್ಯುತ್ತಮ ಪ್ರೌಢಶಾಲೆಯನ್ನು ಕಾಂಗ್‌ಬಾಶಿಗೆ ತಂದಿತು. ನೆಲ ಕಳೆದುಕೊಂಡ ಹಳ್ಳಿಗರಿಗೆ ಅಲ್ಲೇ ಫ್ಲ್ಯಾಟು ಕೊಟ್ಟಿತು. ಮಕ್ಕಳ ಓದಿಗಾಗಿ ತಾಯ್ತಂದೆ, ಅವರ ಹಿಂದೆ ಅಜ್ಜ ಅಜ್ಜಿ ಬಂದರು. ತರಕಾರಿ ಅಂಗಡಿ ನಡೆಯಲು ಬೇಕಾದಷ್ಟು ಜನ ಸೇರಿದ ಮೇಲೆ ತರಕಾರಿ ಅಂಗಡಿ ಬಂತು. 2020ರ ಜನಗಣತಿಯಲ್ಲಿ ಕಾಂಗ್‌ಬಾಶಿಯ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಮೊದಲ ಕನಸಿನ ಹತ್ತನೇ ಒಂದು ಭಾಗ. ಆದರೆ ಹಾಳೂರು ಅಂತೂ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದ ಸಾಂಗ್ಡೊದಲ್ಲೂ ಹೀಗೇ ಆಯಿತು: ವಿದೇಶಿ ಕಂಪನಿಗಳ ಕಚೇರಿ ಬರುತ್ತವೆಂದು ಕಟ್ಟಿದರು, ಅವು ನಿರೀಕ್ಷಿಸಿದಷ್ಟು ಬರಲಿಲ್ಲ, ಒಳ್ಳೆಯ ಶಾಲೆಗಳನ್ನು ಹುಡುಕಿಕೊಂಡು ಕುಟುಂಬಗಳು ಬಂದವು. ಯೋಜನೆ ಮಾಡುವವರು ಗೋಪುರಗಳ ಚಿತ್ರಕ್ಕೆ ಕೊಡುವ ಸಮಯದ ಕಾಲು ಭಾಗವನ್ನು ಶಾಲೆಗೆ ಕೊಟ್ಟರೆ ಎಷ್ಟೋ ಊರುಗಳ ಕತೆ ಬೇರೆಯಾಗುತ್ತಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮ್ಯಾನ್ಮಾರ್‌ನ ನೇಪಿಡಾವ್ ಇದನ್ನೇ ಹಿಂದುಮುಂದಾಗಿ ತೋರಿಸುತ್ತದೆ. 2005ರ ನವೆಂಬರಿನಲ್ಲಿ ಸೇನಾ ಸರ್ಕಾರ ಇದ್ದಕ್ಕಿದ್ದಂತೆ ಯಾಂಗೊನ್‌ನಿಂದ ಸುಮಾರು 320 ಕಿಲೋಮೀಟರ್ ಉತ್ತರಕ್ಕೆ ರಾಜಧಾನಿಯನ್ನು ಎತ್ತಿಕೊಂಡು ಹೋಯಿತು. ನೌಕರರಿಗೆ ಹೊರಡಿ ಎಂದು ಆಜ್ಞೆ ಬಂತು. ಅನೇಕರು ಹೆಂಡತಿ ಮಕ್ಕಳನ್ನು ಯಾಂಗೊನ್‌ನಲ್ಲೇ ಬಿಟ್ಟು ಒಬ್ಬರೇ ಹೋದರು. ಸಂಸತ್ತಿನ ಎದುರು 20 ಪಥಗಳ ರಸ್ತೆ ಇದೆ. ಆಜ್ಞೆಯಿಂದ ನೌಕರರನ್ನು ತರಬಹುದು, ಅವರ ಸಂಸಾರವನ್ನು ತರುವುದು ಅಷ್ಟು ಸುಲಭವಲ್ಲ. 2014ರ ಜನಗಣತಿ ಅಲ್ಲಿ 11 ಲಕ್ಷಕ್ಕೂ ಹೆಚ್ಚು ಜನರನ್ನು ಲೆಕ್ಕ ಹಾಕಿದೆ ನಿಜ, ಆದರೆ ಆ ಲೆಕ್ಕದಲ್ಲಿ 7,000 ಚದರ ಕಿಲೋಮೀಟರ್ ವ್ಯಾಪ್ತಿಯ ಹಳೆಯ ಪಟ್ಟಣಗಳು, ಹಳ್ಳಿಗಳು ಎಲ್ಲ ಸೇರಿವೆ. ಖಾಲಿ ನಗರಗಳ ಸಂಖ್ಯೆಗಳನ್ನು ಓದುವಾಗ ಗಡಿ ಎಲ್ಲಿ ಎಳೆದಿದ್ದಾರೆ ಎಂದು ಮೊದಲು ನೋಡಿ.

ಮಲೇಷ್ಯಾದ ಫಾರೆಸ್ಟ್ ಸಿಟಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಿಂಗಪುರದ ಎದುರು ಸಮುದ್ರದಲ್ಲಿ ನಾಲ್ಕು ಕೃತಕ ದ್ವೀಪ ಮಾಡಿ 7 ಲಕ್ಷ ಜನರನ್ನು ಇರಿಸುವ ಯೋಜನೆ. ಕೊಳ್ಳುವವರು ಚೀನಾದವರು ಎಂದು ನಂಬಿ ಹೊರಟಿದ್ದರು. 2016ರ ಕೊನೆಯಿಂದ ಚೀನಾ ಹೊರಕ್ಕೆ ಹೋಗುವ ಹಣಕ್ಕೆ ಕಡಿವಾಣ ಬಿಗಿ ಮಾಡಿತು, 2018ರಲ್ಲಿ ಮಲೇಷ್ಯಾದ ಪ್ರಧಾನಿ ಮಹಾತಿರ್ ವಿದೇಶಿಯರಿಗೆ ಮನೆ ಮಾರುವುದನ್ನು ವಿರೋಧಿಸಿದರು, 2023ರಲ್ಲಿ ಕಟ್ಟುತ್ತಿದ್ದ ಕಂಟ್ರಿ ಗಾರ್ಡನ್ ಕಂಪನಿಯೇ ಸಾಲ ತೀರಿಸಲಾಗದೆ ಕೈಚೆಲ್ಲಿತು. ಪಕ್ಕದ ಊರಿನವರಿಗೆಂದು ಕಟ್ಟಿದ್ದೇ ಅಲ್ಲ ಅದು. ಕಿಲಂಬಾದ ಬೆಲೆ ಇಳಿಸಿದಾಗ ಓಡಿಬರಲು ಲುವಾಂಡಾ ಇತ್ತು.

ಈಗ ನನ್ನ ಕೆಲಸದ ಕಡೆಗೆ ಬರುತ್ತೇನೆ. ಇದನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ. ಖಾಲಿ ಇರುವ ಊರು ಸುಮ್ಮನೆ ಕಾದು ಕೂತಿರುವುದಿಲ್ಲ, ಒಳಗಿನಿಂದ ಹಾಳಾಗುತ್ತಾ ಇರುತ್ತದೆ.

ಒಳಚರಂಡಿಯ ಪೈಪನ್ನು ಹಾಕುವಾಗ ನಾವು ಒಂದು ವೇಗವನ್ನು ಹಿಡಿದು ಲೆಕ್ಕ ಮಾಡುತ್ತೇವೆ. ಕೊಳಚೆ ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಾದರೂ ಹರಿದರೆ ತನ್ನ ಕಸವನ್ನು ತಾನೇ ಒಯ್ದುಕೊಂಡು ಹೋಗುತ್ತದೆ. ಒಂದು ಲಕ್ಷ ಮನೆಯ ನೀರಿಗೆಂದು ಹಾಕಿದ ಪೈಪಿನಲ್ಲಿ ಐದು ಸಾವಿರ ಮನೆಯ ನೀರು ಹರಿದರೆ ಅದು ತಳದಲ್ಲಿ ತೆಳುವಾಗಿ ತೆವಳುತ್ತದೆ. ಕಸ ಕೆಳಗೆ ಕೂರುತ್ತದೆ, ಕೊಳೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಪೈಪಿನ ಮೇಲ್ಭಾಗದ ತೇವದಲ್ಲಿ ಇರುವ ಬ್ಯಾಕ್ಟೀರಿಯಾಗಳು ಆ ಅನಿಲವನ್ನು ಗಂಧಕಾಮ್ಲವಾಗಿ ಮಾಡುತ್ತವೆ, ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಕಡಿಮೆ ಬಳಸಿದ ಪೈಪು ಚೆನ್ನಾಗಿ ಬಳಸಿದ ಪೈಪಿಗಿಂತ ಬೇಗ ಸವೆಯುತ್ತದೆ. ಕುಡಿಯುವ ನೀರಿನದೂ ಇದೇ ಪಾಡು. ದೊಡ್ಡ ಪೈಪಿನಲ್ಲಿ ನೀರು ದಿನಗಟ್ಟಲೆ ನಿಂತರೆ ಕ್ಲೋರಿನ್ ಇಂಗಿಹೋಗುತ್ತದೆ, ತುಕ್ಕು ಕದಡುತ್ತದೆ. ಆಮೇಲೆ ಒಳ್ಳೆಯ ನೀರನ್ನೇ ತೆರೆದು ಬಿಟ್ಟು ಪೈಪು ತೊಳೆಯಬೇಕು. ಶುದ್ಧೀಕರಣ ಘಟಕದಲ್ಲಿ ಕೊಳಚೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿಗೆ ಹೊಟ್ಟೆಗೆ ಸಾಲದೆ ಇಡೀ ಘಟಕ ಸೊರಗುತ್ತದೆ. ಈ ಖರ್ಚೆಲ್ಲ ಅಲ್ಲಿರುವ ಕೆಲವೇ ಜನರ ತಲೆಗೆ ಬೀಳುತ್ತದೆ.

ಒಮ್ಮೆ ಒಂದು ಹೊಸ ಬಡಾವಣೆಗೆ ವಾಸನೆಯ ದೂರಿನ ಮೇಲೆ ಹೋಗಿದ್ದೆ. ಹನ್ನೊಂದು ಮಹಡಿಯ ಕಟ್ಟಡ, ವಾಸ ಇದ್ದದ್ದು ನಾಲ್ಕೇ ಕುಟುಂಬ. ಚರಂಡಿಯಲ್ಲಿ ಎಲ್ಲೂ ಕಟ್ಟಿಕೊಂಡಿರಲಿಲ್ಲ. ಬಚ್ಚಲಿನ ಜಾಲರಿಯ ಕೆಳಗೆ ಪೈಪು ಬಾಗಿಕೊಂಡಿರುತ್ತದೆಯಲ್ಲ, ಆ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತು ಕೆಳಗಿನ ಅನಿಲವನ್ನು ತಡೆಯುತ್ತದೆ. ಮನೆ ತಿಂಗಳುಗಟ್ಟಲೆ ಖಾಲಿ ಇದ್ದರೆ ಆ ನೀರು ಆರಿಹೋಗುತ್ತದೆ. ಖಾಲಿ ಮನೆಗಳ ಒಣಗಿದ ಬಾಗುಗಳಿಂದ ವಾಸನೆ ಎದ್ದು ಮೆಟ್ಟಿಲ ಸಂದಿಯಲ್ಲಿ ಹರಡಿ, ಇದ್ದ ನಾಲ್ಕು ಮನೆಗಳಿಗೆ ನುಗ್ಗುತ್ತಿತ್ತು. ಮೂರನೇ ಮಹಡಿಯ ಅಜ್ಜಿಯೊಬ್ಬರು ಇದನ್ನು ನಮಗಿಂತ ಮೊದಲೇ ಕಂಡುಹಿಡಿದಿದ್ದರು. ಮಾಲೀಕರನ್ನು ಕೇಳಿ ಒಂದಷ್ಟು ಮನೆಗಳ ಬೀಗದ ಕೈ ಇಸಿದುಕೊಂಡು, ವಾರಕ್ಕೊಮ್ಮೆ ಬಕೆಟ್ಟು ಹಿಡಿದು ಮನೆಯಿಂದ ಮನೆಗೆ ಹೋಗಿ ಪ್ರತಿ ಬಚ್ಚಲಿಗೂ ಎರಡು ಚೊಂಬು ನೀರು ಹುಯ್ಯುತ್ತಿದ್ದರು. “ಮೇಲಿನ ಮಹಡಿಯ ಕೈ ಸಿಕ್ಕಿಲ್ಲಪ್ಪ, ಅಲ್ಲಿಂದಲೇ ಬರ್ತಿರೋದು” ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಆಗಾಗ ಲಿಫ್ಟು ಕೆಟ್ಟು ನಿಲ್ಲುತ್ತಿತ್ತು. ಆ ವಯಸ್ಸಿನಲ್ಲಿ ಅವರು ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ಖಾಲಿ ನಗರ ಎಂದಾಗ ನನಗೆ ಆ ಅಜ್ಜಿ ನೆನಪಾಗುತ್ತಾರೆ. ಮಾರಾಟದ ಮಾತು ನಂಬಿ ಮೊದಲು ಬಂದವರು ಬಾರದೆ ಉಳಿದ ನೆರೆಹೊರೆಯವರ ಪಾಲಿನ ಖರ್ಚನ್ನೂ, ಕೆಲಸವನ್ನೂ ಹೊರುತ್ತಾರೆ. ಅವರಿಗಿಂತ ಕೆಟ್ಟ ಪಾಡು ಮುಗಿಯದ ಕಟ್ಟಡಕ್ಕೆ ಕಂತು ಕಟ್ಟುವವರದು. ಚೀನಾದಲ್ಲಿ ಅರ್ಧಕ್ಕೆ ನಿಂತ ಕಟ್ಟಡವನ್ನು ‘ಕೊಳೆತ ಬಾಲದ ಕಟ್ಟಡ’ ಎನ್ನುತ್ತಾರೆ. 2021ರ ಡಿಸೆಂಬರಿನಲ್ಲಿ ಮನೆ ಕಟ್ಟಿ ಮಾರುವ ದೊಡ್ಡ ಕಂಪನಿ ಎವರ್‌ಗ್ರಾಂಡ್ ಸಾಲ ತೀರಿಸದೆ ಬಿದ್ದ ಮೇಲೆ, 2022ರ ಬೇಸಿಗೆಯಲ್ಲಿ ಜಿಂಗ್‌ಡೆಜೆನ್ ಊರಿನ ಒಂದು ಕಟ್ಟಡದ ಖರೀದಿದಾರರು ಮನೆ ಕೊಡುವವರೆಗೆ ಗೃಹಸಾಲದ ಕಂತು ಕಟ್ಟುವುದಿಲ್ಲ ಎಂದು ಘೋಷಿಸಿದರು. ಕೆಲವೇ ವಾರಗಳಲ್ಲಿ ಅದು ನೂರಾರು ಯೋಜನೆಗಳಿಗೆ ಹಬ್ಬಿತು. ಕಿಟಕಿ, ಲಿಫ್ಟು, ವಿದ್ಯುತ್ತು ಇಲ್ಲದ ಅಂಥ ಕಟ್ಟಡಗಳಲ್ಲೇ ಬಿಡಾರ ಹೂಡಿದವರೂ ಇದ್ದರು.

ಇನ್ನು ತುಂಬುತ್ತವೆಯೇ ಎಂಬ ಪ್ರಶ್ನೆ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾಕ್ಕೆ 1913ರಲ್ಲಿ ಅಡಿಗಲ್ಲು ಹಾಕಿದರು, 1927ರಲ್ಲಿ ಸಂಸತ್ತು ಅಲ್ಲಿಗೆ ಬಂತು, 1950ರ ದಶಕದ ಮೊದಲಲ್ಲೂ ಅದು ಹುಲ್ಲುಗಾವಲಿನ ನಡುವೆ ಚದುರಿದ 30,000ದಷ್ಟು ಜನರ ಊರು. 1950ರ ದಶಕದ ಕೊನೆಯಲ್ಲಿ ಅದಕ್ಕೆಂದೇ ಒಂದು ಆಯೋಗ ರಚಿಸಿ, ಮೆಲ್ಬರ್ನ್‌ನಲ್ಲಿ ಉಳಿದಿದ್ದ ಇಲಾಖೆಗಳನ್ನು ತಂದು, ಮನೆ ಕಟ್ಟಿಸಿದ ಮೇಲೆ ಬೆಳೆಯಿತು. ಈಗ ನಾಲ್ಕೂವರೆ ಲಕ್ಷ ದಾಟಿದೆ. ಮ್ಯಾಡ್ರಿಡ್ ಹತ್ತಿರದ ವಾಲ್ಡೆಲುಸ್ ಅನ್ನು ಹೈಸ್ಪೀಡ್ ರೈಲು ನಿಲ್ದಾಣದ ಪಕ್ಕ 30,000 ಜನರಿಗೆಂದು ಕಟ್ಟಲು ಹೊರಟಾಗ 2008ರ ಆರ್ಥಿಕ ಕುಸಿತ ಬಂತು. ಕೆಲವೇ ನೂರು ಜನ ಉಳಿದರು. ಆಮೇಲೆ ಬೆಲೆ ಇಳಿದು ಕೆಲವು ಸಾವಿರ ಕುಟುಂಬಸ್ಥರು ಬಂದಿದ್ದಾರೆ. ಇವನ್ನು ನೋಡಿ ‘ಕಾದರೆ ಎಲ್ಲವೂ ತುಂಬುತ್ತದೆ’ ಎನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಈ ಊರುಗಳೆಲ್ಲ ತುಂಬಿದ್ದು ಸುತ್ತಲಿನ ದೇಶ ಬೆಳೆಯುತ್ತಿದ್ದಾಗ. ಚೀನಾದ ಒಟ್ಟು ಜನಸಂಖ್ಯೆ 2022ರಿಂದ ಇಳಿಯುತ್ತಿದೆ. ಕೆಲಸ ಇರುವ ದೊಡ್ಡ ನಗರಗಳ ಪಕ್ಕದ ಹೊಸ ಭಾಗಗಳು ತುಂಬಿಯಾವು. ದೂರದ ಸಣ್ಣ ಊರುಗಳು ಕಟ್ಟಿಕೊಂಡ ಹೊಸ ಪ್ರದೇಶಗಳಿಗೆ ಬರಬೇಕಾದ ಮಕ್ಕಳು ಹುಟ್ಟಿಯೇ ಇಲ್ಲ.

ಅಂಥ ಕಡೆ ಏನು ಮಾಡಬೇಕು ಎಂಬುದಕ್ಕೆ ಪೂರ್ವ ಜರ್ಮನಿಯನ್ನು ನೋಡಬೇಕು. ಹೊಯರ್ಸ್‌ವೆರ್ಡಾ ಎಂಬ ಊರನ್ನು ಲಿಗ್ನೈಟ್ ಕಲ್ಲಿದ್ದಲಿನ ಕಾರ್ಮಿಕರಿಗಾಗಿ ಯೋಜನೆ ಹಾಕಿ ಬೆಳೆಸಿದ್ದರು. 1980ರ ಸುಮಾರಿಗೆ 70,000ದಷ್ಟಿದ್ದ ಜನ ಈಗ ಅರ್ಧಕ್ಕೂ ಕಡಿಮೆ. 2000ದ ಹೊತ್ತಿಗೆ ಪೂರ್ವ ಜರ್ಮನಿಯಲ್ಲಿ ಸುಮಾರು ಹತ್ತು ಲಕ್ಷ ಮನೆ ಖಾಲಿ ಇದ್ದವು. 2002ರಿಂದ ಸರ್ಕಾರವೇ ಹಣ ಕೊಟ್ಟು ಲಕ್ಷಗಟ್ಟಲೆ ಮನೆಗಳನ್ನು ಕೆಡವಿಸಿತು. ಅಂಚಿನಿಂದ ಒಳಕ್ಕೆ ಕೆಡವುತ್ತ ಬಂದರೆ ಪೈಪನ್ನೂ ಮೊಟಕು ಮಾಡಬಹುದು. ಅಲ್ಲೊಂದು ಇಲ್ಲೊಂದು ಕೆಡವಿದರೆ ಅಷ್ಟೇ ಉದ್ದದ ಪೈಪನ್ನು ಇನ್ನೂ ಕಡಿಮೆ ಜನ ಸಾಕಬೇಕಾಗುತ್ತದೆ. ಕಟ್ಟುವುದಕ್ಕಿಂತ ಹೆಚ್ಚಿನ ಯೋಜನೆ ಕೆಡವುವುದಕ್ಕೆ ಬೇಕು.

ಕೊನೆಗೆ, ಅಗ್ಗಕ್ಕೆ ಸಿಕ್ಕರೆ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಬೆಲೆ ಏರುತ್ತದೆಂಬ ಆಸೆಯಿಂದಾದರೆ ಬೇಡ. ನೀವೇ ಹೋಗಿ ಇರುವುದಾದರೆ ಯೋಚಿಸಬಹುದು, ಆದರೆ ಮಾರಾಟದವರು ಕರೆದುಕೊಂಡು ಹೋಗುವ ಭಾನುವಾರದ ಮಧ್ಯಾಹ್ನ ನೋಡಿ ನಿರ್ಧರಿಸಬೇಡಿ. ವಾರದ ನಡುವೆ, ರಾತ್ರಿ ಎಂಟು ಗಂಟೆಗೆ ಹೋಗಿ ಎಷ್ಟು ಕಿಟಕಿಗಳಲ್ಲಿ ದೀಪ ಇದೆ ಎಂದು ಎಣಿಸಿ. ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ನಿಲ್ಲಿ. ನೀವು ಕೆಲಸಕ್ಕೆ ಹೋಗಬೇಕಾದ ಹೊತ್ತಿನ ಬಸ್ಸು ಹತ್ತಿ ಒಮ್ಮೆ ಹೋಗಿಬನ್ನಿ. ಖಾಲಿ ಮನೆಗಳ ನಿರ್ವಹಣಾ ಶುಲ್ಕವನ್ನು ಯಾರು ಕಟ್ಟುತ್ತಿದ್ದಾರೆ, ಲಿಫ್ಟಿನ ಕಂಪನಿಗೆ ಬಾಕಿ ಎಷ್ಟಿದೆ ಎಂದು ಲೆಕ್ಕದ ಪುಸ್ತಕ ತೋರಿಸಲು ಕೇಳಿ. ತೋರಿಸುವ ಫ್ಲ್ಯಾಟಿನಲ್ಲಿ ನಲ್ಲಿ ತಿರುಗಿಸಿ ಮೊದಲ ಒಂದು ನಿಮಿಷದ ನೀರಿನ ಬಣ್ಣ ನೋಡಿ, ಬಚ್ಚಲಿನ ಬಾಗಿಲು ತೆರೆದು ಮೂಸಿ. ಆಮೇಲೆ ಆ ಮಹಡಿಯಲ್ಲಿ ವಾಸ ಇರುವವರ ಬಾಗಿಲು ತಟ್ಟಿ, ಅಕ್ಕಪಕ್ಕದ ಖಾಲಿ ಮನೆಗಳ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ.